ಎರಡು ಕಡೆ ಬೇಕಾದ ಶಾಟ್

ಲ್ಯಾಬಿನಲ್ಲಿ ಫಿಲ್ಮ್ ಕತ್ತರಿಸಿ ಜೋಡಿಸುವ ಮಡಿವಾಳಪ್ಪನ ಕತ್ತರಿ ನೆಗೆಟಿವ್ ಮೇಲೆ ಮುಚ್ಚಿಕೊಳ್ಳುವಷ್ಟರಲ್ಲಿ ಮುಕ್ತಾ ಅವನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು. “ತಡೀರಿ ಕಾಕಾ.”

ಆಲಮೇಲದ ಹತ್ತಿರ ಭೀಮಾ ನದಿ ಉಕ್ಕಿದಾಗ ನಿರ್ದೇಶಕ ಆನಂದತೀರ್ಥ ಮಾಸ್ತರರು ತಮ್ಮ ಚಿತ್ರಕ್ಕಾಗಿ ತೆಗೆದ ಶಾಟ್ ಅದು: ತೆಪ್ಪದಲ್ಲಿ ನಿಂತ ಹೆಂಗಸೊಬ್ಬಳು ಮುಳುಗುತ್ತಿರುವ ತನ್ನ ಮನೆಯನ್ನೇ ನೋಡುತ್ತಿದ್ದಾಳೆ. ಕಂಪ್ಯೂಟರಿನಲ್ಲಿ ಎಡಿಟ್ ಮಾಡುವಾಗ ಮಾಸ್ತರರು ಅದರ ನಡುವಿನ ತುಣುಕನ್ನು ಚಿತ್ರದ ಆರಂಭಕ್ಕೂ, ಇಡೀ ಶಾಟನ್ನು ಕೊನೆಗೂ ಹಾಕಿದ್ದರು. ಕಂಪ್ಯೂಟರಿನಲ್ಲಿ ಅದು ನಡೆಯುತ್ತದೆ. ಆದರೆ ಕ್ಯಾಮೆರಾದಿಂದ ಬಂದ ಮೂಲ ನೆಗೆಟಿವ್ ಇರುವುದು ಒಂದೇ. ಈಗ ನಡುವೆ ಕತ್ತರಿಸಿದರೆ ಕೊನೆಯ ಶಾಟೇ ಉಳಿಯುವುದಿಲ್ಲ. ಎಲ್ಲೆಲ್ಲಿ ಕತ್ತರಿಸಬೇಕೆಂಬ ಪಟ್ಟಿ ಬರೆದವಳು ಅವರ ಸಹಾಯಕಿ ಮುಕ್ತಾ. ಎರಡು ಸಲ ತಾಳೆ ನೋಡಿದ್ದೇನೆಂದು ಮಾಸ್ತರರಿಗೆ ಹೇಳಿದ್ದಳು. ಒಮ್ಮೆಯೂ ನೋಡಿರಲಿಲ್ಲ.

ಮಡಿವಾಳಪ್ಪ ಕತ್ತರಿ ಕೆಳಗಿಟ್ಟು ಫೋನ್ ಅವಳ ಕಡೆ ಸರಿಸಿದ. ಅವಳು ಮಾಸ್ತರರಿಗೆ ಫೋನ್ ಮಾಡಿದಳು. “ಸರ್, ಪಟ್ಟಿ ತಪ್ಪೈತ್ರಿ. ತಾಳೆ ನೋಡೇನಿ ಅಂತ ನಿಮಗ ಸುಳ್ಳ ಹೇಳಿದ್ದೆ.”

 

“ಕತ್ತರಿ ಹಾಕ್ಯಾರೇನು?” ಮಾಸ್ತರರು ಕೇಳಿದರು.

“ಇಲ್ರಿ.”

“ಹಂಗಾದ್ರ ಮೊದಲ ಆ ಶಾಟಿಂದೊಂದು ನೆಗೆಟಿವ್ ಪ್ರತಿ ತಗಸೂಣು, ಆರಂಭಕ್ಕ ಅದನ್ನ ಹಾಕೂಣು. ಈಗ ಸಿಂದಗಿ ಬಸ್ ಹತ್ತಿ ಅಲ್ಲಿಗೇ ಬರತೇನಿ. ಉಳಿದ ಪಟ್ಟಿ ಇಬ್ರೂ ಕೂಡಿ ನೋಡೂಣು.”

 ಮುಕ್ತಾ ಪಟ್ಟಿ ಹಿಡಿದು ಅಲ್ಲೇ ನೆಲದ ಮೇಲೆ ಕೂತು ಮೊದಲ ಸಾಲಿನಿಂದ ತಾಳೆ ನೋಡತೊಡಗಿದಳು.