ಜಗಲಿಯಲ್ಲಿ ಉಳಿದ ಚಪ್ಪಲಿ

ಬಾಗಿಲಲ್ಲಿ ನೆಂಟರ ಚಪ್ಪಲಿ ಕಂಡರೆ ಈಗಲೂ ಎಣಿಸುತ್ತೇನೆ.

ರಾಮನಗರದ ಬಂಡೆ ಹತ್ತಲು ಬರುವವರು ಬೂಟು ತೊಟ್ಟು, ಚಪ್ಪಲಿಗಳನ್ನು ಬೆಟ್ಟದ ಬುಡದ ನಮ್ಮ ಮನೆಯ ಜಗಲಿಯಲ್ಲೇ ಬಿಟ್ಟು ಹೋಗುತ್ತಿದ್ದರು. ಸಂಜೆ ಅಜ್ಜಿ ಜಗಲಿ ನೋಡದೆ ದೀಪ ಹಚ್ಚುತ್ತಿರಲಿಲ್ಲ. ಅಂದು ಕೆಂಪು ಪಟ್ಟಿಯ ಒಂದು ಜೊತೆ ಉಳಿದಿತ್ತು.

ಬಿಡದಿಯ ಕಾರ್ಖಾನೆಯಿಂದ ಚಿಕ್ಕಪ್ಪ ಆಗಷ್ಟೇ ಬಂದಿದ್ದ.

"ಯಾವ್ದೋ ಹೆಣ್ಮಗ ಮ್ಯಾಲೇ ಉಳ್ಕಂಡೈತೆ, ಓಗು ಕಣ್ಲಾ," ಎಂದಳು ಅಜ್ಜಿ.

"ಒಸಿ ಕಾಫಿ ಕುಡ್ಕಂಡು ಓಯ್ತೀನಿ ಕಣವ್ವ."

"ಬಂದು ಕುಡಿವಂತೆ, ನಡಿ."

ಯೂನಿಫಾರ್ಮಿನಲ್ಲೇ ಬೆಟ್ಟ ಹತ್ತಿದ ಚಿಕ್ಕಪ್ಪ, ಕಾಲು ಉಳುಕಿದ್ದ ಹುಡುಗಿಯೊಬ್ಬಳನ್ನು ಕೈಹಿಡಿದು ಇಳಿಸಿಕೊಂಡು ಬಂದ. ಊದಿದ ಪಾದಕ್ಕೆ ಅವಳ ಚಪ್ಪಲಿ ಆಗಲಿಲ್ಲ. ಅಜ್ಜಿ ತನ್ನ ಅಗಲವಾದ ಹವಾಯಿ ಚಪ್ಪಲಿ ಮುಂದಿಟ್ಟಳು. "ಇದ ಮೆಟ್ಕೊ ಮಗ."

ಮರುದಿನ ಅಜ್ಜಿ ಹಿಪ್ಪುನೇರಳೆ ತೋಟಕ್ಕೆ ಬರಿಗಾಲಲ್ಲಿ ಹೊರಟಳು. ಕೆಂಪು ಪಟ್ಟಿಯ ಜೊತೆಯನ್ನು ಒರೆಸಿ ಜಗಲಿಯಲ್ಲೇ ಇಟ್ಟಿದ್ದಳು.