ದೋಣಿ ಎಳೆಯುವ ಗಾಡಿ

ಹಳೆ ಗಾಡಿಗಳನ್ನು ಮಾರುವ ಅಂಗಳದಲ್ಲಿ ಸುನೀತಿ ಬಗ್ಗಿ, ಪಿಕಪ್ಪಿನ ಅಡಿಭಾಗಕ್ಕೆ ತುಕ್ಕು ಹಿಡಿದಿದೆಯೇ ಎಂದು ನೋಡಿದಳು. ಗಾಡಿಗಳ ವಿಷಯ ಗಜಾನನನಿಗೆ ಏನೂ ತಿಳಿಯದು. ಅದಕ್ಕೇ ಅವಳನ್ನು ಕರೆದುಕೊಂಡು ಬಂದಿದ್ದ.

"ಏನು ಎಳೀಬೇಕು ಮೇಡಂ?" ಎಂದು ಮಾರುವವನು ಕೇಳಿದ.

"ದೋಣಿ. ಟ್ರೇಲರ್ ಮೇಲೆ ಹೇರಿಕೊಂಡು ಘಟ್ಟ ಹತ್ತಿ ಹಿನ್ನೀರಿಗೆ ಹೋಗಬೇಕು."

"ಹಾಗಾದ್ರೆ ಇದೇ ಸರಿ. ಹಿಂದೆ ಟೆಂಟು, ಒಲೆ, ಹಾಸಿಗೆ ಎಲ್ಲಾ ಹಿಡಿಸ್ತದೆ. ಗಂಡ ಹೆಂಡತಿ ಆರಾಮಾಗಿ ಸುತ್ತಾಡಿ ಬರಬಹುದು."

ಗಜಾನನ ಬೇರೆ ಕಡೆ ನೋಡಿದ. ಸುನೀತಿ ಗಾಡಿಯನ್ನು ರಸ್ತೆಗೆ ತೆಗೆದು, ಏರಿನಲ್ಲಿ ನಿಲ್ಲಿಸಿ, ಮತ್ತೆ ಹೊರಡಿಸಿ ನೋಡಿದಳು. ವಾಪಸು ಬಂದು ಎಂಜಿನ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಸ್ಟೀರಿಂಗ್ ಹಿಡಿದೇ ಕೂತಿದ್ದಳು.

"ಕ್ಲಚ್ ಸವೆದಿದೆ, ಹೊಸದು ಹಾಕಿಕೊಡಿ. ಹಿಂದಿನ ಕೊಕ್ಕೆಗೂ ಇನ್ನೊಮ್ಮೆ ವೆಲ್ಡಿಂಗ್ ಮಾಡಿಸಿ," ಎಂದಳು. ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ.

"ಓಡಿಸೋದು ನೀವೇ ತಾನೆ?"

"ಅಲ್ಲ, ಇವರು. ಇಷ್ಟು ವರ್ಷ ನಾನೇ ಓಡಿಸ್ತಿದ್ದೆ, ಇವರಿಗೆ ರೂಢಿ ಇಲ್ಲ. ಇಳಿಜಾರಿನಲ್ಲಿ ಗೇರ್ ಇಳಿಸೋದು ಮರೆತು ಬ್ರೇಕ್ ತುಳೀತಾನೇ ಇರ್ತಾರೆ. ಹಿಂದೆ ದೋಣಿ ಇದ್ದಾಗ ಹಾಗೆ ಮಾಡಿದ್ರೆ ಪ್ರಾಣಕ್ಕೇ ಕುತ್ತು ಬರುತ್ತೆ."

ಮಾರುವವನು ನಕ್ಕ. "ನೀವು ಪಕ್ಕದಲ್ಲೇ ಕೂತಿರ್ತೀರಲ್ಲ ಮೇಡಂ, ನೆನಪು ಮಾಡಿದ್ರಾಯ್ತು."

"ಮುಂದಿನ ವಾರ ಇವರ ಮದುವೆ," ಎಂದಳು ಸುನೀತಿ, ಕೀಲಿಯನ್ನು ಗಜಾನನನ ಕೈಗಿಡುತ್ತಾ. "ಪಕ್ಕದಲ್ಲಿ ಕೂರುವವಳಿಗೆ ಎಲ್ಲಾ ಹೇಳಿಕೊಟ್ಟಿದ್ದೇನೆ."