ಎಲೆಯಾಕಾರದ ಹೃದಯ

ಜೀವಶಾಸ್ತ್ರ ಕಲಿಸುವ ಕುಮುದಿನಿ ಟೀಚರಿಗೆ ನಲವತ್ತೊಂದನೇ ವಯಸ್ಸಿನಲ್ಲಿ ಮೊದಲ ಪ್ರೇಮಪತ್ರ ಬಂತು. ಕೊಟ್ಟವರು ಅದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಪರಶುರಾಮ. ಕಾಗದದಲ್ಲಿ ಒಂದಕ್ಷರವೂ ಇರಲಿಲ್ಲ, ಕೆಂಪು ಬಣ್ಣದ ಒಂದು ಹೃದಯವಷ್ಟೇ ಇತ್ತು.

ಎದೆ ಹೊಡೆದುಕೊಳ್ಳುತ್ತಿದ್ದರೂ ಟೀಚರ್ ಅಭ್ಯಾಸಬಲದಿಂದ ಪೆನ್ನು ತೆಗೆದು ಅದರ ಮೇಲೊಂದು ಅಡ್ಡಗೆರೆ ಎಳೆದರು.

"ಹೃದಯ ಹೀಗಿರಲ್ಲ ಸರ್. ಯಾವ ಕಾಲದಲ್ಲೋ ಯಾರೋ ಎಲೆ ನೋಡಿ ಬರೆದಿರ್ಬೇಕು, ಎಲ್ರೂ ಅದನ್ನೇ ಕಾಪಿ ಹೊಡೀತಿದಾರೆ. ನಿಜವಾದದ್ದು ಬರ್ಕೊಂಡು ಬನ್ನಿ, ಆಮೇಲೆ ಉತ್ತರ ಹೇಳ್ತೀನಿ."

ಮೇಷ್ಟ್ರು ಮರುದಿನದಿಂದಲೇ ರಜೆ ಹಾಕಿದರು. ಅಷ್ಟು ಬಿರುಸಾಗಿ ಮಾತಾಡಬಾರದಿತ್ತು ಎಂದುಕೊಳ್ಳುತ್ತ ಟೀಚರ್ ದಿನವೂ ಸ್ಟಾಫ್ ರೂಮಿನ ಬಾಗಿಲು ನೋಡುತ್ತಿದ್ದರು.

ಎರಡು ವಾರದ ಮೇಲೆ ಮೇಷ್ಟ್ರು ಬಂದು ಹೊಸ ಚಿತ್ರವನ್ನು ಮೇಜಿನ ಮೇಲಿಟ್ಟರು. ನಾಲ್ಕು ಕೋಣೆ, ಕವಾಟ, ರಕ್ತನಾಳ ಎಲ್ಲವೂ ಇದ್ದವು. ಒಪ್ಪಿಗೆ ಹೇಳಲು ಬಾಯಿ ತೆರೆದ ಟೀಚರ್ ಒಂದು ಕಡೆ ಬೆರಳಿಟ್ಟು ನಕ್ಕರು.

"ಎಲ್ಲಾ ಸರಿ ಇದೆ, ಈ ಕವಾಟ ಒಂದೇ ತಪ್ಪು. ಇಷ್ಟು ಕಿರಿದಾಗಿದ್ರೆ ರಕ್ತ ಹೋಗೋದು ಹೇಗೆ?"

"ತಪ್ಪಲ್ಲ ಮೇಡಂ," ಎಂದರು ಪರಶುರಾಮ. "ಸ್ಕ್ಯಾನ್ ಮಾಡಿಸಿ, ನಂದನ್ನೇ ನೋಡ್ಕೊಂಡು ಬರೆದಿದ್ದು."